ಅರ್ಧ ಛಾವಣಿ

ರೈಲು ಹಳಿಯಾಚೆಯ ಕೊಳಚೆಗೇರಿಯಲ್ಲಿ ನೀಲವ್ವ ಅಕ್ಕೋರು ಬಡಮಕ್ಕಳಿಗೆ ಶಾಲೆ ನಡೆಸುತ್ತಿದ್ದರು. ಶುಲ್ಕವಿರಲಿಲ್ಲ. ನಾಲ್ಕು ಗೋಡೆ, ಮೇಲೆ ತೂತುಬಿದ್ದ ತಗಡು.

ಇಂಥ ಶಾಲೆ ನಡೆಸುವುದನ್ನು ಕಲಿಯಬೇಕೆಂದು ಶಂಭುಲಿಂಗನೆಂಬ ಯುವಕ ಬಂದು ಅವರ ಬಳಿ ಉಳಿದಿದ್ದ.

ಮಳೆಗಾಲ ಹತ್ತಿರವಾಗಿತ್ತು. ಹೊಸ ಛಾವಣಿ ಕೊಡಿಸಬಲ್ಲ ದಾನಿಗಳು ಶಾಲೆ ನೋಡಲು ಬರುವವರಿದ್ದರು. ಅಕ್ಕೋರು ಊರಲ್ಲಿರಲಿಲ್ಲ. ಶಂಭುಲಿಂಗನೇ ಎಲ್ಲ ನೋಡಿಕೊಂಡ.

ದಾನಿಗಳು ಬರುವ ದಿನ ಹುಲಿಗೆಮ್ಮ ಎಂಬ ಹುಡುಗಿ ಹೊಸ ಹಳದಿ ಫ್ರಾಕು ಹಾಕಿಕೊಂಡು ಬಂದಳು. ದೊಡ್ಡವರು ಬರುತ್ತಾರೆಂದು ತಾಯಿ ಹೊಲಿಸಿದ್ದಳು.

“ಇದು ಬ್ಯಾಡ. ಹಳೇದು ಹಾಕ್ಕೊಂಡು ಬಾ,” ಎಂದ ಶಂಭುಲಿಂಗ.

ಹುಡುಗಿ ಮನೆಗೆ ಹೋಗಿ, ಭುಜದ ಹತ್ತಿರ ಹರಿದಿದ್ದ ಫ್ರಾಕು ಹಾಕಿಕೊಂಡು ಬಂದಳು. ದಾನಿಗಳು ಅವಳನ್ನು ಮುಂದೆ ನಿಲ್ಲಿಸಿ ಫೋಟೊ ತೆಗೆದರು. ಮುಂದಿನ ವಾರ ತಮ್ಮ ಹಿರಿಯರನ್ನು ಕರೆತರುತ್ತೇವೆ, ಛಾವಣಿಯ ಮಾತು ಮುಗಿಸೋಣ ಎಂದರು.

ಮರುದಿನದಿಂದ ಹುಲಿಗೆಮ್ಮ ಶಾಲೆಗೆ ಬರಲಿಲ್ಲ.

ಊರಿಗೆ ಮರಳಿದ ಅಕ್ಕೋರು ಕೇಳಿದರು, “ಹುಲಿಗೆಮ್ಮ ಎಲ್ಲಿ?”

ಶಂಭುಲಿಂಗ ನಡೆದದ್ದನ್ನೆಲ್ಲ ಹೇಳಿದ. “ಸುಳ್ಳೇನೂ ಅಲ್ರಿ ಅಕ್ಕೋರ. ಆ ಹರಕ ಫ್ರಾಕೂ ಆಕೀದ.”

“ಹಂಗಾದ್ರ ಹೋಗಿ ಕರ್ಕೊಂಡು ಬಾ.”

ಹುಡುಗಿಯ ತಾಯಿ ಬಾಗಿಲಲ್ಲಿ ಕೂತು ಖಾನಾವಳಿಯವರ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವನನ್ನು ಕಂಡು ಎದ್ದು ನಿಂತಳು.

“ನಮ್ದ ತಪ್ಪಾತ್ರಿ ಸರ. ನಿಮ್ಮ ಸಾಲಿಗೆ ಹೊಸಾದು ಹಾಕ್ಕೊಂಡು ಬರಬಾರ್ದು ಅನ್ನೋದು ನಮಗ ಗೊತ್ತಿರಲಿಲ್ಲ. ಹರದದ್ದು ಹಾಕ್ಕೊಂಡು ಹೋಗು ಅಂದ್ರ ಈಕಿ ಒಲ್ಲೆ ಅಂತಾಳ.”

ಒಳಗಿದ್ದ ಹುಲಿಗೆಮ್ಮ ತಲೆ ಎತ್ತಲಿಲ್ಲ.

ಶಂಭುಲಿಂಗ ಒಬ್ಬನೇ ತಿರುಗಿ ಬಂದ.

“ಏನಂದಿ?” ಎಂದರು ಅಕ್ಕೋರು.

“ಏನೂ ಹೇಳಾಕ ಆಗಲಿಲ್ರಿ.”



ದಾನಿಗಳು ಮತ್ತೆ ಬರುವ ದಿನ ಅಕ್ಕೋರು ಮೊಳೆಗೆ ತೂಗುಹಾಕಿದ್ದ ಒಂದು ಹರಿದ ಅಂಗಿ ತೆಗೆದರು. ಕರಿಹಲಗೆ ಒರೆಸಲು ಇಟ್ಟಿದ್ದ ಅಂಗಿ ಅದು.

“ಇದು ಯಾರದು?”

“ನಂದರಿ. ಹಳೇದು.”

“ಹಂಗಾದ್ರ ಸುಳ್ಳಲ್ಲ. ಹಾಕ್ಕೋ.”

ಅವನು ಅವರ ಮುಖ ನೋಡಿದ. ಆಮೇಲೆ ಹಾಕಿಕೊಂಡ.

ದಾನಿಗಳು ಬಂದರು. ಅವರಲ್ಲಿ ಹಿರಿಯರು ಕೇಳಿದರು, “ಫೋಟೊದಲ್ಲಿದ್ದ ಆ ಹುಡುಗಿ ಎಲ್ಲಿ?”

“ಆ ಹುಡುಗಿ ನಿಮ್ಮನ್ನ ಏನೂ ಕೇಳಿಲ್ರಿ,” ಎಂದರು ಅಕ್ಕೋರು. “ಛಾವಣಿ ಕೇಳಾವ್ರು ನಾವು. ಇಂವ ನಮ್ಮ ಮಾಸ್ತರ. ಇವನ ಫೋಟೊ ತಗೀರಿ.”

ಏನು ಮಾಡಬೇಕೆಂದು ತಿಳಿಯದೆ ಒಬ್ಬಾತ ಕ್ಯಾಮೆರಾ ಎತ್ತಿದ.

ಶಂಭುಲಿಂಗನ ಕೈ ತಾನಾಗಿ ಭುಜದ ಹರಕಿನ ಮೇಲೆ ಹೋಯಿತು. ಅಂದು ಫೋಟೊ ತೆಗೆಯುವಾಗ ಹುಲಿಗೆಮ್ಮನೂ ಹೀಗೇ ಕೈ ಇಟ್ಟಿದ್ದಳು. ಕೈ ಇಳಿಸು ಎಂದು ಗದರಿದವನು ಅವನೇ.

ಅವನು ಕೈ ಇಳಿಸಿದ.

ದಾನಿಗಳು ಚಹಾ ಕೂಡ ಕುಡಿಯದೆ ಹೊರಟುಹೋದರು.

ಶಂಭುಲಿಂಗ ಅಂಗಿ ಬದಲಿಸಲಿಲ್ಲ. ಹಾಗೆಯೇ ಹುಲಿಗೆಮ್ಮನ ಮನೆಗೆ ನಡೆದ.

“ನಮ್ಮ ಸಾಲ್ಯಾಗ ಅಂಥಾ ಕಾಯ್ದೆ ಇಲ್ಲವ್ವ,” ಎಂದ ತಾಯಿಗೆ. “ತಪ್ಪು ನಂದು.”

ಹುಲಿಗೆಮ್ಮ ಹೊರಗೆ ಬಂದು ಅವನ ಅಂಗಿಯನ್ನೇ ನೋಡಿದಳು.

“ನಿಮಗೂ ಹಳೇದು ಹಾಕ್ಕೋ ಅಂದ್ರೇನ್ರಿ ಸರ?”

“ಹೂಂ.”

“ಯಾರು?”

“ಅಕ್ಕೋರು.”

“ನಾಳೆ ಬರ್ತೀನ್ರಿ,” ಎಂದಳು ಹುಲಿಗೆಮ್ಮ.

ದಾನಿಗಳಲ್ಲೊಬ್ಬರು ಆಮೇಲೆ ತಾವಾಗಿ ತಗಡು ಕಳಿಸಿದರು. ಅದು ಅರ್ಧ ಛಾವಣಿಗೆ ಸಾಕಾಯಿತು.

ಮಳೆ ಹಿಡಿಯಿತು. ಶಾಲೆಯ ಒಂದು ಬದಿ ಸೋರುತ್ತಿತ್ತು. ಮಕ್ಕಳೆಲ್ಲ ಇನ್ನೊಂದು ಬದಿಗೆ ಒತ್ತಿಕೊಂಡು ಕೂತಿದ್ದರು. ಅವರ ನಡುವೆ ಅಕ್ಕೋರು, ಶಂಭುಲಿಂಗ.

ಅವನು ಮೆಲ್ಲಗೆ ಕೇಳಿದ, “ಅವತ್ತು ನಾವು ಸುಮ್ನಿದ್ದಿದ್ರ ಪೂರ್ತಿ ಛಾವಣಿ ಬರ್ತಿತ್ತಲ್ರಿ ಅಕ್ಕೋರ?”

“ಬರ್ತಿತ್ತು,” ಎಂದರು ಅಕ್ಕೋರು. “ಸ್ವಲ್ಪ ಆ ಕಡೆ ಸರಿ. ಹುಲಿಗೆಮ್ಮ ತೋಯಾಕತ್ತಾಳ.”