ಟಿಂಗ್ ಅಂದ್ರೆ ಕಲಿತಾಯ್ತು

ಕೇಳ್ರಪ್ಪಾ ಕೇಳಿ, ಇನ್ನೂ ಹತ್ರ ಬನ್ನಿ! ಒಂದಾನೊಂದು ಊರಿನಲ್ಲಿ, ಯಾವ ಊರು ಅಂತ ಮಾತ್ರ ಕೇಳ್ಬೇಡಿ, ಗಿಣಿಗಿಣಿರಾಯ ಅಂತ ಒಬ್ಬ ರಾಜ. ಅವನಿಗೆ ಊಟ ಬೇಡ, ನಿದ್ದೆ ಬೇಡ, ಮೊಬೈಲು ‘ಟಿಂಗ್’ ಅಂದ್ರೆ ಸಾಕು! ಅದಕ್ಕೇ ಶಾಲೆಗೊಂದು ಆಪ್ ಹಾಕಿಸಿದ. ಮಗು ಸ್ಲೇಟು ಹಿಡಿದಿರೋ ಫೋಟೋ ತೆಗಿ, ಕಳಿಸು, ಟಿಂಗ್! ಆ ಮಗು ಕಲಿತಾಯ್ತು.

ಆ ಶಾಲೇಲಿ ಚೆಲುವಿ ಅಂತ ಒಬ್ಬಳು ಹುಡುಗಿ. ಮನೇಲಿ ಅಣ್ಣಂದಿರು ರೊಟ್ಟಿ ಹಂಚೋವಾಗ ದಿನಾ ಅವಳಿಗೆ ಮೋಸ. ಭಾಗಾಕಾರ ಕಲಿತು ಅವರ ಲೆಕ್ಕ ಹಿಡೀಬೇಕು ಅಂತ ಅವಳ ಹಟ.

“ಮಿಸ್, ಭಾಗಾಕಾರ ಹೇಳ್ಕೊಡಿ.”

“ಅಲುಗಾಡ್ಬೇಡ್ವೇ, ಫೋಟೋ ಮಸುಕಾಗುತ್ತೆ!” ಅಂದ್ರು ಪುಟ್ಟಗೌರಿ ಮಿಸ್ಸು.

ನಿಜಾನೇ! ಬರೆದ್ರೆ ಕೈ ಅಲುಗುತ್ತೆ, ಫೋಟೋ ಮಸುಕು, ಟಿಂಗ್ ಇಲ್ಲ. ಹಾಗಾಗಿ ಬರೆಯೋದು ಬಂದ್. ಓದಿದ್ರೆ ತುಟಿ ಅಲುಗುತ್ತೆ. ಓದೋದೂ ಬಂದ್. ಯೋಚನೆ ಮಾಡಿದ್ರೆ ಹುಬ್ಬು ಅಲುಗುತ್ತಲ್ಲ, ಅದೂ ಬಂದ್! ಮಕ್ಕಳು ಗೊಂಬೆ ಥರ ನಿಂತ್ರು. ಟಿಂಗ್ ಟಿಂಗ್ ಟಿಂಗ್! ರಾಜ ಕುಣಿದಿದ್ದೇ ಕುಣಿದಿದ್ದು.

“ಮಿಸ್, ಭಾಗಾಕಾರ...”

“ನೋಡಿಲ್ಲಿ, ನಿನಗೆ ಆಗ್ಲೇ ಬರುತ್ತೆ ಅಂತ ಆಪ್ ತೋರಿಸ್ತಿದೆ. ಬರೋದನ್ನ ಮತ್ತೆ ಕಲಿಸಿದ್ರೆ ನನ್ನ ಕೆಲಸ ಹೋಗುತ್ತೆ ಕಣೇ ತಾಯಿ.”

ಚೆಲುವಿ ಸೀದಾ ಅರಮನೆಗೇ ಹೋದ್ಲು. “ದೊರೆ, ನಂಗೆ ಭಾಗಾಕಾರ ಬರಲ್ಲ!”

ರಾಜ ಮೊಬೈಲನ್ನ ಕೇಳಿದ, “ಏನಯ್ಯಾ, ಇವಳಿಗೆ ಬರುತ್ತಾ?”

“ಬರುತ್ತೆ ಮಹಾಪ್ರಭು. ನೂರಕ್ಕೆ ನೂರು,” ಅಂತು ಮೊಬೈಲು.

“ಸುಳ್ಳು! ಒಂದು ಲೆಕ್ಕ ಕೊಡಿ, ಇಲ್ಲೇ ತಪ್ಪು ಮಾಡಿ ತೋರಿಸ್ತೀನಿ!”

“ಆಹಾ, ಎಷ್ಟು ಧೈರ್ಯ! ಲೆಕ್ಕ ಬರೋರಿಗೆ ಮಾತ್ರ ಇಷ್ಟು ಧೈರ್ಯ ಇರುತ್ತೆ,” ಅಂದ ರಾಜ. “ಇಂಥವಳನ್ನ ಮಕ್ಕಳ ಜೊತೆ ಕೂರಿಸೋದಾ? ನಾಳೆಯಿಂದ ಇವಳೇ ಮಿಸ್ಸು!”

ಪುಟ್ಟಗೌರಿ ಮಿಸ್ಸನ್ನ ಮನೆಗೆ ಕಳಿಸಿದ್ರು. ಚೆಲುವೀನ ಕುರ್ಚಿ ಮೇಲೆ ಕೂರಿಸಿದ್ರು. ಕಾಲು ನೆಲಕ್ಕೇ ಎಟುಕ್ತಿರ್ಲಿಲ್ಲ ಪಾಪ.

ಮುಂದಿದ್ದ ಒಂದು ಪುಟಾಣಿ ಕೇಳ್ತು, “ಮಿಸ್, ಭಾಗಾಕಾರ ಅಂದ್ರೇನು?”

ಚೆಲುವಿಗೇ ಗೊತ್ತಿದ್ರೆ ತಾನೇ! ಕಣ್ಣಲ್ಲಿ ನೀರು ಬಂತು. ಮಿಸ್ಸು ಅಳೋದು ನೋಡಿ ಪುಟಾಣಿಗೆ ಹೆದರಿಕೆ, ಸ್ಲೇಟು ಅವುಚಿಕೊಂಡು, ಉಸಿರು ಬಿಗಿಹಿಡಿದು ಕಲ್ಲಿನ ಥರ ಕೂತ್ಬಿಡ್ತು. ಮೇಜಿನ ಮೇಲಿದ್ದ ಮೊಬೈಲು ತಾನೇ ಫೋಟೋ ತೆಗೀತು. ಎಷ್ಟು ಚೆನ್ನಾಗಿ ಬಂತು ಅಂತೀರಿ!

ಟಿಂಗ್!

ನೀತಿ ಏನು ಅಂತೀರಾ? ಅಯ್ಯೋ, ನಿಮಗೆಲ್ಲಾ ನೀತಿ ತಿಳೀತು ಅಂತ ಈಗ ತಾನೇ ಫೋಟೋ ಕಳಿಸ್ಬಿಟ್ನಲ್ಲ! ಇನ್ನು ಹೇಳೋ ಹಾಗಿಲ್ಲ. ಏಳಿ, ತಿಳಿದೋರ ಹಾಗೆ ಮುಖ ಮಾಡ್ಕೊಂಡು ಮನೆಗೆ ಹೋಗಿ.