ಹಿಮದ ಮೋರೆಗೆ ಬೂದಿ

"ಗುರುಗಳೇ, ನನ್ನ ತಮ್ಮನನ್ನು ಕೊಂದವನ ಮನೆ ನೆಲಸಮವಾಗಲಿ ಎಂದು ದಿನವೂ ಬೇಡಿಕೊಳ್ಳುತ್ತೇನೆ. ಅದು ತಪ್ಪೇ?" ಎಂದು ಮರಿದೇವ ಕೇಳಿದ.

ಗುರುಗಳು ಹೇಳಿದರು: "ತಪ್ಪೋ ಸರಿಯೋ ಆಮೇಲೆ ನೋಡೋಣ. ಮೊದಲು ಕೂತುಕೋ. ನಿಂತು ಕೇಳುವ ಕತೆಯಲ್ಲ ಇದು.

"ಮನುಷ್ಯರು ಇನ್ನೂ ಉಳುಮೆ ಕಲಿಯದ ಕಾಲ. ಬಡಗಣ ಸೀಮೆಯನ್ನೆಲ್ಲ ಹಿಮ ಮುಚ್ಚಿತ್ತು. ಬರುಬರುತ್ತ ಬಿಸಿಲು ಬಲಿತು, ಹಿಮ ಕರಗುತ್ತ ಹಿಂದೆ ಸರಿಯಿತು. ಕರಗಿದ ನೀರು ಕಣಿವೆಯೊಂದರಲ್ಲಿ ನಿಂತು, ಆಚೆ ದಡ ಕಾಣದಷ್ಟು ದೊಡ್ಡ ಸರೋವರವಾಯಿತು. ಅದಕ್ಕೆ ಮೂರು ಕಡೆ ಬೆಟ್ಟ. ನಾಲ್ಕನೆಯ ಕಡೆ, ಕರಗದೆ ಉಳಿದ ಹಿಮವೇ ಗೋಡೆ. ಗೋಡೆಯ ಆಚೆ, ತಗ್ಗಿನಲ್ಲಿ, ಒಂದು ಹಟ್ಟಿಯಿತ್ತು.

"ಸರೋವರದ ದಡದಲ್ಲಿ ಒಬ್ಬ ಬೆಸ್ತನಿದ್ದ. ಮಗಳನ್ನು ಆ ತಗ್ಗಿನ ಹಟ್ಟಿಗೆ ಕೊಟ್ಟಿದ್ದ. ಮಗನೊಬ್ಬನಿದ್ದ. ಅವನು ಆ ಹಿಮದ ಗೋಡೆಯ ಮೇಲೆ ನಡೆಯುವಾಗ ಬಿರುಕಿಗೆ ಬಿದ್ದು ಸತ್ತ. ಹೆಣವೂ ಸಿಗಲಿಲ್ಲ.

"ದಡದವರಲ್ಲಿ ಒಂದು ಪದ್ಧತಿಯಿತ್ತು. ಹಿಮ ಯಾರನ್ನಾದರೂ ನುಂಗಿದರೆ, ಸತ್ತವನ ಮನೆಯವರು ಒಲೆಯ ಬೂದಿಯನ್ನು ಹಿಮದ ಮೋರೆಗೆ ಎರಚಿ, ಬಾಯಿಗೆ ಬಂದಂತೆ ಬೈದು ಬರುತ್ತಿದ್ದರು. ಒಂದು ಸಲ ಎರಚಿದರೆ ಮುಗಿಯಿತು. ಆಮೇಲೆ ಬಲೆ ಹಿಡಿದು ಕೆಲಸಕ್ಕೆ ಹೋಗಬೇಕು. ಬೆಸ್ತ ಹೋಗಲಿಲ್ಲ. ಬೂದಿ ಬಿದ್ದ ಕಡೆ ಹಿಮ ಬೇಗ ಕರಗುವುದನ್ನು ಅವನು ಕಂಡುಕೊಂಡಿದ್ದ. ಪಾಪಿಗೆ ಅದೇ ಹಬ್ಬವಾಯಿತು. ಮನೆಮನೆ ತಿರುಗಿ ಬೂದಿ ಬೇಡಿ ತಂದ. ಅದು ಸಾಲದೆ ಮರಗಳನ್ನೇ ಕಡಿದು ಸುಟ್ಟ. ಗೋಡೆ ಕಪ್ಪಗಾಯಿತು.

"ಮಗಳು ಬೆಟ್ಟ ಹತ್ತಿ ಬಂದಳು. 'ಅಪ್ಪಾ, ನಿನ್ನ ಕಾಲಿಗೆ ಬೀಳುತ್ತೇನೆ, ಸಾಕು ಮಾಡು. ಗೋಡೆಯ ಬುಡದಿಂದ ನಮ್ಮ ಹಟ್ಟಿಗೆ ರಾಡಿ ನೀರು ಬರುತ್ತಿದೆ. ಅದು ಬಿದ್ದರೆ ಸರೋವರವೆಲ್ಲ ನಮ್ಮ ಮೇಲೇ' ಎಂದಳು.

"'ನಿನ್ನ ತಮ್ಮನನ್ನು ನುಂಗಿದ್ದರ ಪರ ಮಾತಾಡಲು ಬಂದೆಯಾ? ನಾಚಿಕೆಯಾಗುವುದಿಲ್ಲವೇ ನಿನಗೆ?' ಎಂದು ಬೆಸ್ತ ಗದರಿದ.

"ಅವಳು ಅತ್ತಳು. ಮೊಲೆಕೂಸನ್ನು ಹಟ್ಟಿಯಲ್ಲಿ ಬಿಟ್ಟು ಬಂದಿದ್ದರಿಂದ ನಿಲ್ಲದೆ ಹಿಂದಿರುಗಿದಳು. ಬೆಸ್ತ ಮತ್ತೆ ಬೂದಿಯ ಬುಟ್ಟಿ ಎತ್ತಿಕೊಂಡ.

"ಆ ಬೇಸಿಗೆಯಲ್ಲೇ ಗೋಡೆ ಒಡೆಯಿತು. ಬಿಸಿಲಿಗೇ ಒಡೆಯಿತೋ, ಬೂದಿಗೋ, ಯಾರು ಬಲ್ಲರು? ಸರೋವರಕ್ಕೆ ಸರೋವರವೇ ತಗ್ಗಿಗೆ ನುಗ್ಗಿತು. ಬೆಸ್ತ ಬೆಟ್ಟದ ಮೇಲೆ ಓಡಿ ನೋಡಿದ. ಹಟ್ಟಿಯಿದ್ದ ಕಡೆ ಬಂಡೆ, ಕೆಸರು. ಅಯ್ಯೋ, ಒಂದು ಗೂಟವೂ ಉಳಿದಿರಲಿಲ್ಲ. ಈಚೆ ತಿರುಗಿದರೆ, ಬರಿದಾದ ಸರೋವರದ ತಳದಲ್ಲಿ ಮೀನುಗಳು ಒದ್ದಾಡುತ್ತಿದ್ದವು. ಅವನ ನೆರೆಯವರು 'ಈ ಸಲ ಬಲೆಯೇ ಬೇಡ!' ಎಂದು ನಗುತ್ತ ಅವನ್ನು ಬುಟ್ಟಿಗೆ ಬಾಚಿಕೊಳ್ಳುತ್ತಿದ್ದರು."

"ಥೂ! ಹೆತ್ತ ಮಗಳ ಮಾತನ್ನೂ ನಂಬಲಿಲ್ಲವಲ್ಲ ಆ ಮುಠ್ಠಾಳ!" ಎಂದ ಮರಿದೇವ.

ಗುರುಗಳು ಹೇಳಿದರು: "ನಂಬಿದ್ದ ಕಣಯ್ಯ, ನಂಬಿಯೂ ಬೂದಿ ಎರಚಿದ. ನಿನಗೂ ಗೊತ್ತಿದೆಯಲ್ಲ, ನಿನ್ನ ತಮ್ಮನನ್ನು ಕೊಂದವನ ಮನೆಯಲ್ಲೇ ಅಲ್ಲವೇ, ನಿನ್ನ ಮಗಳು ಸೊಸೆಯಾಗಿರುವುದು?"