ಚಿಕ್ಕತಾಯಿ ಕುಯ್ದ ಮಿಠಾಯಿ

ಒಂದಾನೊಂದು ಕಾಲದಲ್ಲಿ, ನಿಮ್ಮ ಮುತ್ತಾತನಿಗೆ ಇನ್ನೂ ಹಾಲುಹಲ್ಲೂ ಬಂದಿರಲಿಲ್ಲ, ಆಗ, ಬೆಟ್ಟದ ಬುಡದಲ್ಲಿ ಒಂದು ಊರಿತ್ತಂತೆ. ಆ ಊರಲ್ಲಿ ಕೊಬ್ಬರಿ ಮಿಠಾಯಿ ಮಾಡೋ ಕೆಂಪಮ್ಮ ಅಂತ ಒಬ್ಬಳಿದ್ದಳಂತೆ, ಅವಳಿಗೆ ಮೂರು ಮಕ್ಕಳಂತೆ. ದೊಡ್ಡವನು ಬೋರಯ್ಯ, ನಡುವಿನವನು ಜವರಯ್ಯ, ಕಡೆಯವಳು ಚಿಕ್ಕತಾಯಿ. ಹ್ಞೂಂ ಅನ್ನು ಮಗಾ, ಹ್ಞೂಂಗುಟ್ಟದಿದ್ರೆ ಕತೆ ಮುಂದಕ್ಕೆ ಹೋಗಲ್ಲ.

ಆ ಮನೇಲಿ ಮಿಠಾಯಿ ಒಂದೇ, ಕುಯ್ಯೋ ರೀತಿ ಮಾತ್ರ ಒಬ್ಬೊಬ್ಬರದ್ದು ಒಂದೊಂದು. ತಟ್ಟೆಗೆ ತುಪ್ಪ ಸವರಿ, ಪಾಕ ಸುರಿದು, ಬೆಚ್ಚಗಿರೋವಾಗ್ಲೇ ಚಾಕು ಹಾಕಬೇಕು, ತಣ್ಣಗಾದ್ರೆ ಪುಡಿಪುಡಿ. ಬೋರಯ್ಯ ವಾರೆಯಾಗಿ ಕುಯ್ತಿದ್ದನಂತೆ, ವಜ್ರದ ಹರಳಿನ ಹಾಗೆ, ಅಂದ ಅಂದ್ರೆ ಇದೇ ಅಂತ ಅವನ ಜಂಬ. ಜವರಯ್ಯ ಇಟ್ಟಿಗೆ ಹಾಗೆ ಉದ್ದುದ್ದ ಕುಯ್ತಿದ್ದನಂತೆ, ಪೊಟ್ಟಣ ಕಟ್ಟೋಕೆ ಸಲೀಸು ಅಂತ ಅವನ ವಾದ. ವಜ್ರದ ಕುಲ ಬೇರೆ, ಇಟ್ಟಿಗೆ ಕುಲ ಬೇರೆ, ಒಂದಕ್ಕೊಂದು ನಂಟೇ ಇಲ್ಲ ಅಂತ ಅಣ್ಣತಮ್ಮ ದಿನಾ ಕಿತ್ತಾಡೋರಂತೆ.

ಹೀಗಿರೋವಾಗ ಬೆಟ್ಟದ ಕಣಿವೇಲಿ ಒಬ್ಬಳು ರಾಕ್ಷಸಿ ಬಂದು ಕೂತಳಂತೆ. ಸಂತೆಗೆ ಹೋಗೋಕೆ ಇದ್ದದ್ದೇ ಅದೊಂದು ದಾರಿ. ದಾರಿ ತುಂಬ ಕಾಲು ಚಾಚಿಕೊಂಡು ಊರಿಗೆಲ್ಲ ಕೇಳೋ ಹಾಗೆ ಕೂಗಿದಳಂತೆ, ನಾಲ್ಕು ಬದಿಯ ಒಂದೇ ಒಂದು ತುಂಡು ಮಿಠಾಯಿ ತನ್ನಿ, ಮೂರು ಪರೀಕ್ಷೆ ಮಾಡ್ತೀನಿ, ಮೂರರಲ್ಲೂ ಗೆದ್ದರೆ ಎದ್ದು ಹೋಗ್ತೀನಿ, ಸೋತರೆ ತಂದೋರನ್ನ ಕಲ್ಲು ಮಾಡ್ತೀನಿ ಅಂತ. ಪರೀಕ್ಷೆ ಏನು ಅಂತ ಮಾತ್ರ ಬಾಯಿ ಬಿಡಲಿಲ್ಲ ನೋಡು, ಕಳ್ಳಿ.

ಬೋರಯ್ಯ ತನ್ನ ವಾರೆ ತುಂಡು ಹಿಡಕೊಂಡು ಹೋದನಂತೆ. ಎದುರುಬದುರು ಬದಿಗಳು ಗಾಡಿ ಜಾಡಿನ ಹಾಗೆ ಜೊತೆಜೊತೆಗೆ ಹೋಗ್ತವಾ ಅಂತ ರಾಕ್ಷಸಿ ನೋಡಿದಳು, ಹೋದವು. ನಾಲ್ಕು ಬದಿನೂ ಒಂದೇ ಅಳತೆನಾ ಅಂತ ನೋಡಿದಳು, ಹೌದು. ಬೋರಯ್ಯ ಮೀಸೆ ತಿರುವಿದನಂತೆ. ಆಮೇಲೆ ಕೇಳಿದಳು, ನಾಲ್ಕು ಮೂಲೆನೂ ಗೋಡೆ ಮೂಲೆ ಹಾಗೆ ನೆಟ್ಟಗಿದಾವಾ? ಎಲ್ಲಿಂದ ಇರಬೇಕು, ವಾರೆ ಕುಯ್ದದ್ದಲ್ವಾ, ಎರಡು ಮೂಲೆ ಚೂಪು, ಎರಡು ಮೂಲೆ ಅಗಲ. ಮೂಲೆ ಸೊಟ್ಟ! ಅಂತ ಅವಳು ಅರಚಿದ್ದು ಊರಿಗೇ ಕೇಳಿಸಿತಂತೆ, ಬೋರಯ್ಯ ನಿಂತ ಹಾಗೇ ಕಲ್ಲಾದನಂತೆ.

ಜವರಯ್ಯ ಅದನ್ನ ಕೇಳಿ, ನನ್ನ ಇಟ್ಟಿಗೆ ಮೂಲೆ ನೆಟ್ಟಗಿದೆ, ಅಣ್ಣನ್ನ ಬಿಡಿಸ್ಕೊಂಡು ಬರ್ತೀನಿ ಅಂತ ಓಡಿದನಂತೆ. ಗಾಡಿ ಜಾಡಿನ ಪರೀಕ್ಷೆ ಗೆದ್ದ. ಆಮೇಲೆ ಎರಡನೇದು ಬಂತು. ಎರಡು ಬದಿ ಉದ್ದ, ಎರಡು ಬದಿ ಗಿಡ್ಡ, ಒಂದೇ ಅಳತೆ ಹೇಗಾದೀತು? ಬದಿ ಏರುಪೇರು! ಅಂತ ರಾಕ್ಷಸಿ ಮತ್ತೆ ಊರಿಗೇ ಕೇಳೋ ಹಾಗೆ ಅರಚಿದಳಂತೆ, ಅಣ್ಣನ ಪಕ್ಕದಲ್ಲೇ ತಮ್ಮನೂ ಕಲ್ಲು.

ಕೆಂಪಮ್ಮ ಎದೆ ಬಡಕೊಂಡು ಅತ್ತಳಂತೆ. ಚಿಕ್ಕತಾಯಿಗೂ ಅಳು ಉಕ್ಕಿ ಬಂತು, ಅದನ್ನ ನುಂಗಿಕೊಂಡು ಅಂದಳಂತೆ, ಅವ್ವ, ನಾನು ಹೋಗ್ತೀನಿ. ಇಬ್ಬರನ್ನ ಕಳಕೊಂಡೆ, ನಿನ್ನನ್ನೂ ಕಳಿಸಿ ಯಾರ ಮುಖ ನೋಡ್ಕೊಂಡು ಬದುಕಲೇ ಅಂದಳಂತೆ ಅವ್ವ. ಅದಕ್ಕೆ ಚಿಕ್ಕತಾಯಿ, ಅಣ್ಣಂದಿರು ಸುಮ್ಮನೆ ಸೋತಿಲ್ಲ ಕಣವ್ವ, ಅವಳ ಬಾಯಿಂದ ಒಂದೊಂದು ಗುಟ್ಟು ಎಳೆದಿದಾರೆ, ದೊಡ್ಡಣ್ಣನ ಬದಿ ಸರಿ, ಚಿಕ್ಕಣ್ಣನ ಮೂಲೆ ಸರಿ, ಅವೆರಡನ್ನೂ ಒಂದೇ ತುಂಡಲ್ಲಿ ತಂದರೆ ಏನು ಮಾಡ್ತಾಳೋ ನೋಡೇಬಿಡ್ತೀನಿ ಅಂದಳಂತೆ.

ಆಮೇಲೆ ಪಾಕ ಸುರಿದು, ಒಂದು ಮುತ್ತುಗದ ಎಲೆ ತಗೊಂಡು ಒಂದು ಸಲ ಮಡಚಿ, ಮಡಿಕೆ ಮೇಲೆ ಮಡಿಕೆ ಕೂರೋ ಹಾಗೆ ಇನ್ನೊಂದು ಸಲ ಮಡಚಿದಳಂತೆ, ನೆಟ್ಟನೆ ಮೂಲೆ ಸಿಕ್ಕಿತು. ಬದಿ ಅಳೆಯೋಕೆ ಒಂದು ಕಡ್ಡಿ ಮುರಕೊಂಡಳು. ಎಲೆ ಇಟ್ಟು, ಕಡ್ಡಿ ಇಟ್ಟು, ಚಾಕು ಹಾಕಿದಳು. ಅಂಚಲ್ಲಿ ಉಳಿದ ಚೂರುಗಳಲ್ಲಿ ಒಂದು ಜೊತೆ ಬದಿ ಮಾತ್ರ ಜೊತೆಗೆ ಹೋಗ್ತಿತ್ತು, ಇನ್ನೊಂದು ಜೊತೆ ಮುನಿಸಿಕೊಂಡು ಆಚೆಗೊಂದು ಈಚೆಗೊಂದು ವಾಲಿತ್ತು. ಅವು ಯಾವ ಪರೀಕ್ಷೆಗೂ ಆಗಲ್ಲ ಅಂತ ಬಾಯಿಗೆ ಹಾಕ್ಕೊಂಡು ಹೊರಟಳಂತೆ. ನೀನಾಗಿದ್ರೆ ಇಡೀ ತಟ್ಟೆ ಖಾಲಿ ಮಾಡಿರ್ತಿದ್ದೆ.

ರಾಕ್ಷಸಿ ನೋಡಿದಳು, ಗಾಡಿ ಜಾಡು ಸರಿ. ಚಿಕ್ಕತಾಯಿ ಕಡ್ಡಿ ಇಟ್ಟು ತೋರಿಸಿದಳು, ನಾಲ್ಕು ಬದಿನೂ ಸಮ. ಎಲೆ ಇಟ್ಟು ತೋರಿಸಿದಳು, ನಾಲ್ಕು ಮೂಲೆನೂ ನೆಟ್ಟಗೆ. ರಾಕ್ಷಸಿಗೆ ಸೋಲೋಕೆ ಮನಸ್ಸಿಲ್ಲ. ತುಂಡನ್ನ ತಿರುಗಿಸಿ ಒಂದು ಮೂಲೆ ಮೇಲೆ ನಿಲ್ಲಿಸಿ, ಇದು ನಿನ್ನ ದೊಡ್ಡಣ್ಣನ ವಜ್ರ, ಅವನು ಸೋತ, ನೀನೂ ಸೋತೆ ಅಂದಳಂತೆ. ಚಿಕ್ಕತಾಯಿ ಹೆದರಲಿಲ್ಲ. ನೀನು ಮಗ್ಗುಲು ಬದಲಿಸಿ ಮಲಗಿದ್ರೆ ಬೇರೆ ರಾಕ್ಷಸಿ ಆಗ್ತೀಯಾ? ಎಲೆ ಇಟ್ಟು ನೋಡು, ಮೂಲೆ ಅಲುಗಿದೆಯಾ? ಅಲುಗಿರಲಿಲ್ಲ.

ಹಾಗಾದ್ರೆ ಇದು ವಜ್ರಾನಾ, ಇಟ್ಟಿಗೇನಾ, ಚೌಕಾನಾ, ಒಂದೇ ಹೆಸರು ಹೇಳು, ಇಲ್ಲದಿದ್ರೆ ಕಲ್ಲು ಮಾಡ್ತೀನಿ ಅಂತ ಹಲ್ಲು ಕಡಿದಳಂತೆ ರಾಕ್ಷಸಿ. ಆಗ ಚಿಕ್ಕತಾಯಿ ಸೊಂಟಕ್ಕೆ ಸೆರಗು ಸಿಗಿಸಿ ಅಂದಳಂತೆ, ಒಂದೇ ಯಾಕೆ, ಮೂರೂ ಹೌದು! ಬದಿ ಸಮ ಇದೆ, ಅದಕ್ಕೆ ದೊಡ್ಡಣ್ಣನ ವಜ್ರದ ಕುಲ. ಮೂಲೆ ನೆಟ್ಟಗಿದೆ, ಅದಕ್ಕೆ ಚಿಕ್ಕಣ್ಣನ ಇಟ್ಟಿಗೆ ಕುಲ. ಎರಡೂ ಇದೆ, ಅದಕ್ಕೆ ಚೌಕ. ಅಕ್ಕ ಆದೋಳೆಲ್ಲ ಯಾರಿಗೋ ಮಗಳೇ, ಮಗಳಾದೋಳೆಲ್ಲ ಅಕ್ಕ ಅಲ್ಲ. ಹಾಗೇ ಚೌಕವೆಲ್ಲ ವಜ್ರಾನೂ ಹೌದು ಇಟ್ಟಿಗೇನೂ ಹೌದು, ಆದರೆ ಎಲ್ಲ ವಜ್ರ, ಎಲ್ಲ ಇಟ್ಟಿಗೆ ಚೌಕ ಅಲ್ಲ. ಮಾತು ಕೊಟ್ಟಿದೀಯ, ಏಳು ಮೇಲೆ!

ರಾಕ್ಷಸಿ ಮಿಠಾಯಿ ಕಿತ್ತುಕೊಂಡು ಬಾಯಿಗೆ ತುರುಕಿಕೊಂಡು, ದಡದಡ ಎದ್ದು ಬೆಟ್ಟದಾಚೆ ಹೋದವಳು ಇವತ್ತಿಗೂ ತಿರುಗಿ ಬಂದಿಲ್ಲ. ಕಲ್ಲುಗಳು ಪಟಪಟ ಬಿರಿದು ಅಣ್ಣಂದಿರು ಕಣ್ಣು ಬಿಟ್ಟರಂತೆ. ನಾವು ಸೋತ್ವಲ್ಲೇ ತಂಗಿ ಅಂತ ಬೋರಯ್ಯ ತಲೆ ತಗ್ಗಿಸಿದನಂತೆ. ಚಿಕ್ಕತಾಯಿ ಇಬ್ಬರ ಕೈನೂ ಹಿಡಕೊಂಡು, ನೀವಿಬ್ಬರೂ ಸೇರಿ ಆದದ್ದೇ ಆ ತುಂಡು ಕಣಣ್ಣ, ನಾನು ಚಾಕು ಹಾಕಿದೆ ಅಷ್ಟೇ ಅಂದಳಂತೆ.

ಅವರು ಇಳಿದು ಬರೋದು ಕಂಡು ಊರಿಗೆ ಊರೇ ತಮಟೆ ಬಡಕೊಂಡು ಎದುರಿಗೆ ಬಂತಂತೆ. ಕೆಂಪಮ್ಮ ಎಲ್ಲರಿಗಿಂತ ಮುಂದೆ ಓಡಿಬಂದು ಮೂವರನ್ನೂ ಒಟ್ಟಿಗೇ ತಬ್ಬಿಕೊಂಡು, ನಗಬೇಕೋ ಅಳಬೇಕೋ ಗೊತ್ತಾಗದೆ, ನೋಡ್ರಪ್ಪೋ, ಹೋದೋಳು ಒಬ್ಬಳು, ಬಂದೋರು ಮೂವರು! ಅಂತ ಬೆಟ್ಟಕ್ಕೆ ಕೇಳೋ ಹಾಗೆ ಕೂಗಿದಳಂತೆ. ಅವರು ಅಲ್ಲಿ ಸುಖವಾಗಿದ್ದರು, ನಾವಿಲ್ಲಿ ಕಂಬಳಿ ಒಳಗೆ ಬೆಚ್ಚಗಿದೀವಿ, ಕತೆ ಮುಗೀತು.